ಅಕ್ಕನ ಒಸಿಡಿಗೂ ನನ್ನ ಕೂದಲು ಕೀಳುವ ಚಟಕ್ಕೂ ನಂಟಿದೆಯಾ?

ಸೋಮವಾರಪೇಟೆ ಹುಡುಗಿ: ಅಕ್ಕನಿಗೆ ಒಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಕಾಫಿ ಗೋದಾಮಿನ ಬೀಗ ಹತ್ತು ಸಲ ಎಳೆದು ನೋಡಿದರೂ ಸಮಾಧಾನ ಇಲ್ಲ. ನಾನು ಓದುವಾಗ ಗೊತ್ತಿಲ್ಲದೇ ಕೂದಲು ಕೀಳುತ್ತೇನೆ, ಈಗ ನೆತ್ತಿ ಕಾಣುತ್ತಿದೆ. ಎರಡೂ ಒಂದೇ ಕಾಯಿಲೆನಾ?

ಮಡಿಕೇರಿ ಮಳೆ: ಒಂದೇ ಅಲ್ಲ, ಆದರೆ ಹತ್ತಿರದ ನೆಂಟರು. 2013ರಲ್ಲಿ ಅಮೆರಿಕದ ಮನೋವೈದ್ಯರು ಮಾನಸಿಕ ಕಾಯಿಲೆಗಳ ತಮ್ಮ ಕೈಪಿಡಿ ಡಿಎಸ್ಎಂ-5ರಲ್ಲಿ ಒಸಿಡಿಯನ್ನು ಆತಂಕದ ಕಾಯಿಲೆಗಳ ಗುಂಪಿನಿಂದ ತೆಗೆದು, ಕೂದಲು ಕೀಳುವುದು, ಚರ್ಮ ಕೆರೆಯುವುದು, ಬೇಡದ ಸಾಮಾನು ಕೂಡಿಡುವುದು ಇವುಗಳ ಜೊತೆ ಇಟ್ಟರು. ಅಕ್ಕನನ್ನು ಕಾಡುವುದು ಭಯದ ಯೋಚನೆ. ನಿಮಗೆ ಸುಮ್ನೆ ಕೈ ಹೋಗುತ್ತದೆ, ಅಲ್ವಾ? ಅದಕ್ಕೇ ಥೆರಪಿಯೂ ಬೇರೆ.

ವಿರಾಜಪೇಟೆ ಅಣ್ಣ: ನನಗೂ ಒಸಿಡಿ ಇತ್ತಮ್ಮ. ಬೀಗ ಮುಟ್ಟದೆ ಆ ಭಯದ ಜೊತೆ ಕೂರಲು ಕಲಿಸಿದರು, ಮೊದಮೊದಲು ತುಂಬಾ ಕಷ್ಟ. ಕೂದಲಿಗಾದರೆ ಕೈ ಹೋದಾಗ ಮುಷ್ಟಿ ಹಿಡಿಯುವ ಅಭ್ಯಾಸ ಮಾಡಿಸುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡಬಹುದು.

ಸೋಮವಾರಪೇಟೆ ಹುಡುಗಿ: ಥ್ಯಾಂಕ್ಸ್ ಅಣ್ಣ, ಅಕ್ಕನಿಗೂ ಹೇಳುತ್ತೇನೆ.