ಅತ್ತೆಯವರ ತವರಿನಲ್ಲಿ ಅಡಗಿದ್ದ ಯಹೂದಿ ಹುಡುಗಿಯನ್ನು ಪತ್ತೆಹಚ್ಚುವುದು ಹೇಗೆ?

ಪ್ರಶ್ನೆ

ನಾನು ಧಾರವಾಡದವಳು, ಮದುವೆಯಾಗಿ ನೆದರ್ಲೆಂಡ್ಸ್‌ಗೆ ಬಂದು ಹದಿನಾರು ವರ್ಷಗಳಾದವು. ನನ್ನ ಅತ್ತೆಯವರಿಗೆ ಈಗ 88 ವರ್ಷ. ಅವರು ಬೆಳೆದದ್ದು ದಕ್ಷಿಣ ಲಿಂಬರ್ಗ್‌ನಲ್ಲಿ, ಹೀರ್ಲೆನ್ ಸಮೀಪದ ಹಳ್ಳಿಯೊಂದರಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕರು. 1943ರ ಬೇಸಿಗೆಯ ಒಂದು ಸಂಜೆ ಅಪರಿಚಿತ ಯುವತಿಯೊಬ್ಬಳು ಐದಾರು ವರ್ಷದ ಹುಡುಗಿಯೊಬ್ಬಳನ್ನು ಇವರ ಮನೆಗೆ ತಂದು ಬಿಟ್ಟು ಹೋದಳಂತೆ. ಯಾರಾದರೂ ಕೇಳಿದರೆ, ರಾಟರ್‌ಡ್ಯಾಂನಲ್ಲಿ ಬಾಂಬು ಬಿದ್ದು ಮನೆ ಕಳೆದುಕೊಂಡ ನೆಂಟರ ಮಗು ಎನ್ನಬೇಕೆಂದು ಮನೆಮಂದಿಗೆಲ್ಲ ತಾಕೀತಾಗಿತ್ತು. ಕ್ಯಾಥೊಲಿಕ್ ಹಳ್ಳಿಯಾದ್ದರಿಂದ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನೂ ಅವಳಿಗೆ ಕಲಿಸಬೇಕಾಯಿತು. ಅವಳು ಎಡಚಿ, ಊಟದ ಮೊದಲು ತಪ್ಪಿ ಎಡಗೈ ಎತ್ತದಿರಲೆಂದು ಅತ್ತೆಯವರು ಮೇಜಿನ ಕೆಳಗೆ ಆ ಕೈಯನ್ನು ಹಿಡಿದುಕೊಂಡು ಕೂರುತ್ತಿದ್ದರಂತೆ.

1945ರಲ್ಲಿ ಅವಳ ‘ಓಮ್’, ಅಂದರೆ ಅಂಕಲ್, ಬಂದು ಕರೆದೊಯ್ದರು. ಅಲ್ಲಿಂದಾಚೆ ಸುದ್ದಿಯಿಲ್ಲ. ನಮ್ಮಲ್ಲಿ ಉಳಿದಿರುವುದು ಅವಳಿಗೆ ಇಟ್ಟಿದ್ದ ಸುಳ್ಳು ಹೆಸರು ಮತ್ತು ಹಳೆಯ ಮನೆಯ ಬಾಗಿಲ ಚೌಕಟ್ಟಿನಿಂದ ಕತ್ತರಿಸಿ ತಂದ ಮರದ ತುಂಡು. ಅದರ ಮೇಲೆ ಇಬ್ಬರು ಮಕ್ಕಳ ಎತ್ತರದ ಪೆನ್ಸಿಲ್ ಗೆರೆಗಳಿದ್ದು, ಪಕ್ಕದಲ್ಲಿ ‘ಜುಲೈ 1944’ ಎಂದಿದೆ. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಮೊದಲ ಉತ್ತರ

ಹೆಸರನ್ನು ಹಿಡಿದು ಹೊರಡಬೇಡಿ, ಅದು ಅವಳದಲ್ಲ. ಅವಳು ಬಂದ ದಾರಿಯನ್ನು ಹಿಡಿಯಿರಿ. ಅಡಗಿದವರನ್ನು ಡಚ್ಚರು ‘ಒಂಡರ್‌ಡೌಕರ್’, ಅಂದರೆ ನೀರಿನಲ್ಲಿ ಮುಳುಗಿದವರು, ಎಂದು ಕರೆಯುತ್ತಿದ್ದರು; ಮುಳುಗಿಸಿದ ಕೈಗಳ ಗುರುತು ಸಿಕ್ಕರೆ ಮುಳುಗಿದವರ ಗುರುತೂ ಸಿಗಬಹುದು.

ಆಮ್‌ಸ್ಟರ್‌ಡ್ಯಾಂನ ಹೊಲಾಂಡ್ಸೆ ಸ್ಕೌಬರ್ಗ್ ಎಂಬ ನಾಟಕಗೃಹದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ವೆಸ್ಟರ್‌ಬೋರ್ಕ್ ಶಿಬಿರಕ್ಕೆ ಸಾಗಿಸುತ್ತಿದ್ದರು. ಅವರ ಚಿಕ್ಕ ಮಕ್ಕಳನ್ನು ಮಾತ್ರ ಎದುರಿನ ಶಿಶುವಿಹಾರದಲ್ಲಿ ಇರಿಸುತ್ತಿದ್ದರು. ನಾಟಕಗೃಹದ ಯಹೂದಿ ಮೇಲ್ವಿಚಾರಕ ವಾಲ್ಟರ್ ಸುಸ್ಕಿಂಡ್ ಮತ್ತು ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಅವರು ದಾಖಲೆಗಳಿಂದ ಮಕ್ಕಳ ಹೆಸರನ್ನು ಅಳಿಸುತ್ತಿದ್ದರು. ಟ್ರಾಮ್ ಬಂದು ನಿಂತು ಕಾವಲುಗಾರರ ಕಣ್ಣಿಗೆ ಮರೆಯಾದ ಆ ಗಳಿಗೆಯಲ್ಲಿ ಸಹಾಯಕರು ಮಗುವನ್ನೆತ್ತಿಕೊಂಡು ಹೊರಗೆ ನಡೆಯುತ್ತಿದ್ದರು. ಹೀಗೆ ಪಾರಾದವರು ಸುಮಾರು 600 ಮಕ್ಕಳು. ಅವರಲ್ಲಿ ಅನೇಕರನ್ನು ‘ಎನ್‌ವಿ’ ಎಂಬ ಗುಪ್ತ ಗುಂಪು ಹೀರ್ಲೆನ್ ಸುತ್ತಮುತ್ತಲಿನ ಗಣಿ ಕಾರ್ಮಿಕರ ಮನೆಗಳಿಗೆ ಸೇರಿಸಿತು. 1943ರ ಸೆಪ್ಟೆಂಬರ್ ಕೊನೆಗೆ ಆ ಶಿಶುವಿಹಾರವನ್ನು ಖಾಲಿ ಮಾಡಿಸಲಾಯಿತು. ತಾವು ಹೇಳುವ ಕಾಲ, ಸ್ಥಳ, ಅಪರಿಚಿತ ಯುವತಿ, ಎಲ್ಲವೂ ಈ ದಾರಿಗೆ ಹೊಂದುತ್ತವೆ. ಹೊಂದಿದ ಮಾತ್ರಕ್ಕೆ ಅದೇ ಎಂದು ಖಚಿತವಾಗದು, ಆದರೆ ನಾನಾದರೆ ಇಲ್ಲಿಂದಲೇ ಆರಂಭಿಸುತ್ತಿದ್ದೆ. ಆ ಗುಂಪಿನ ಹಲವರಿಗೆ ಯಹೂದಿ ನರಮೇಧದ ಸ್ಮಾರಕ ಸಂಸ್ಥೆಯಾದ ಜೆರುಸಲೇಮಿನ ಯಾದ್ ವಶೆಮ್‌ನ ಗೌರವ ಸಂದಿದೆ. ಆ ಸಂಸ್ಥೆಯ ಕಡತಗಳಲ್ಲಿ ಆಶ್ರಯ ಕೊಟ್ಟ ಮನೆಗಳ ಪ್ರಸ್ತಾಪ ಇರಬಹುದು. ಅಲ್ಲಿ ತಾವು ಹುಡುಕಬೇಕಾದದ್ದು ಅತ್ತೆಯವರ ತಂದೆಯ ಹೆಸರನ್ನು.

ಎರಡನೆಯ ಉತ್ತರ

ಮೇಲಿನ ಮಾತಿಗೆ ಒಂದು ಸೇರ್ಪಡೆ. ಯುದ್ಧ ಮುಗಿದ ಮೇಲೆ, ತಂದೆತಾಯಿ ಮರಳಿ ಬಾರದ ಯಹೂದಿ ಮಕ್ಕಳ ಪೋಷಕತ್ವವನ್ನು ನಿರ್ಧರಿಸಲು ಡಚ್ ಸರ್ಕಾರವು 1945ರ ಆಗಸ್ಟ್‌ನಲ್ಲಿ ಒಂದು ಆಯೋಗವನ್ನು ನೇಮಿಸಿತು. ಸಾಕಿದವರಲ್ಲೇ ಬಿಡಬೇಕೋ ನೆಂಟರಿಗೆ ಒಪ್ಪಿಸಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಹೇಗ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ಆಯೋಗದ ಕಡತಗಳನ್ನೂ ರೆಡ್‌ಕ್ರಾಸ್‌ನ ಯುದ್ಧಕಾಲದ ದಾಖಲೆಗಳನ್ನೂ ವಿಚಾರಿಸಿ. ನಾಜಿ ಹಿಂಸೆಗೊಳಗಾದವರ ದಾಖಲೆಗಳನ್ನು ಕಾಯ್ದಿಟ್ಟಿರುವ ಜರ್ಮನಿಯ ಅರೋಲ್ಸೆನ್ ಆರ್ಕೈವ್ಸ್‌ಗೂ ವಿನಂತಿ ಸಲ್ಲಿಸಿ. ಅಲ್ಲಿ ಸುಮಾರು 1.75 ಕೋಟಿ ಜನರ ಮಾಹಿತಿಯಿದೆ, ಶುಲ್ಕವಿಲ್ಲ, ತಾಳ್ಮೆ ಬೇಕು.

ಇನ್ನೊಂದು ಮಾತು. ಡಚ್ಚಿನಲ್ಲಿ ಚಿಕ್ಕಪ್ಪನೂ ‘ಓಮ್’, ಸೋದರಮಾವನೂ ‘ಓಮ್’. ಕನ್ನಡದವರಾದ ನಮಗೆ ಈ ಎರಡರ ಅಂತರ ಎಷ್ಟೆಂದು ಗೊತ್ತು: ಚಿಕ್ಕಪ್ಪನಾದರೆ ಹುಡುಗಿಯ ಮನೆತನದ ಹೆಸರೇ ಆತನದೂ ಆಗಿರುತ್ತದೆ, ಮಾವನಾದರೆ ಬೇರೆ. ಅತ್ತೆಯವರನ್ನು ಇದೊಂದನ್ನು ಕೇಳಿ.

ಮೂರನೆಯ ಉತ್ತರ

ಆ ಸುಳ್ಳು ಹೆಸರನ್ನಾಗಲಿ ಮರದ ತುಂಡಿನ ಚಿತ್ರವನ್ನಾಗಲಿ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ಆಕೆ ಬದುಕಿದ್ದರೆ ಅತ್ತೆಯವರ ಓರಗೆಯವರು. ತಮ್ಮ ಮಕ್ಕಳಿಗೂ ಈ ಕತೆಯನ್ನು ಹೇಳದೆ ಬಾಳಿರಬಹುದು. ಗುರುತು ಸಿಕ್ಕಿದರೆ ಪತ್ರಾಗಾರದವರ ಮೂಲಕವೇ ಪತ್ರ ಕಳುಹಿಸಿ. ಉತ್ತರಿಸುವುದು, ಬಿಡುವುದು ಆಕೆಗೆ ಸೇರಿದ್ದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅತ್ತೆಯವರನ್ನು ‘ಓಮ್’ ಬಗ್ಗೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆ ಮನುಷ್ಯ ಹೊಸ್ತಿಲಲ್ಲೇ ಮಗುವಿನ ಮುಖ ನೋಡುತ್ತ ನಿಂತು, “ಥೇಟ್ ನನ್ನ ಅಕ್ಕ” ಎಂದು ಅತ್ತದ್ದು ನೆನಪಾಯಿತಂತೆ. ಹಾಗಾದರೆ ಸೋದರಮಾವನೇ. ಅರೋಲ್ಸೆನ್‌ಗೆ ಕಳುಹಿಸಿದ ವಿನಂತಿಯಲ್ಲಿ ಹಾಗೆಯೇ ಬರೆದಿದ್ದೇನೆ. ಎಡಚಿ ಎಂಬುದನ್ನೂ ಸೇರಿಸಿದ್ದೇನೆ.