ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ: ಯುನಿಟ್ ಸಿಕ್ಕಿತು, ಕೋರ್ಸ್ ಮಾತ್ರ ಲೆಕ್ಕಕ್ಕೆ ಬರಲಿಲ್ಲ

ಪ್ರಶ್ನೆ (ಒಬ್ಬ ತಾಯಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ):
ನಮಸ್ಕಾರ ಮೇಡಂ. ನನ್ನ ಮಗ ಇಲ್ಲೇ ಬೇ ಏರಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿದ್ದಾನೆ. ಎರಡು ವರ್ಷ ಇಲ್ಲಿ ಓದಿ, ಆಮೇಲೆ ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಟ್ರಾನ್ಸ್‌ಫರ್ ಆಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾಡಬೇಕು ಅಂತ ಆಸೆ. ಫಿಸಿಕ್ಸ್ ತಗೊಂಡ, ಎ ಗ್ರೇಡ್ ಬಂತು. ಕಾಲೇಜಿನ ಪಟ್ಟಿಯಲ್ಲಿ ಆ ಕೋರ್ಸ್ ಯುಸಿಗೆ ಸಲ್ಲುತ್ತದೆ ಅಂತಾನೇ ಇತ್ತು. ಈಗ ನೋಡಿದರೆ ಎಂಜಿನಿಯರಿಂಗ್‌ಗೆ ಅದು ನಡೆಯಲ್ಲ, ಬೇರೆ ಫಿಸಿಕ್ಸ್ ಮೊದಲಿಂದ ಮಾಡು ಅಂತಿದ್ದಾರೆ. ಹುಡುಗ ತುಂಬಾ ಬೇಜಾರಾಗಿದ್ದಾನೆ. ಎಲ್ಲಿ ತಪ್ಪಿತು?

ಉತ್ತರ (ಟ್ರಾನ್ಸ್‌ಫರ್ ಕೌನ್ಸಿಲರ್):
ಅಕ್ಕ, ಮೊದಲು ಮಗನಿಗೆ ಬೈಯಬೇಡಿ. ಎ ಗ್ರೇಡ್ ತಗೊಂಡಿರುವ ಹುಡುಗ ಅವನು.

ಆಗಿರೋದು ಇಷ್ಟು. ಬಹಳಷ್ಟು ಕಾಲೇಜುಗಳಲ್ಲಿ ಎರಡು ಥರದ ಫಿಸಿಕ್ಸ್ ಇರುತ್ತದೆ. ಒಂದು ಆಲ್ಜೀಬ್ರಾ ಮೇಲೆ ನಿಂತಿರುವುದು, ಬಯಾಲಜಿ ಕಡೆ ಹೋಗುವವರಿಗೆ. ಇನ್ನೊಂದು ಕ್ಯಾಲ್ಕುಲಸ್ ಮೇಲೆ ನಿಂತಿರುವುದು, ಎಂಜಿನಿಯರಿಂಗ್‌ನವರಿಗೆ. ಎರಡರಲ್ಲೂ ಅದೇ ನ್ಯೂಟನ್, ಎರಡಕ್ಕೂ ಲ್ಯಾಬ್. ಎರಡರಲ್ಲಿ ಯಾವುದು ಮಾಡಿದರೂ ಯುಸಿ ಯುನಿಟ್, ಅಂದರೆ ಕ್ರೆಡಿಟ್, ಕೊಡುತ್ತದೆ. ಆದರೆ ಆ ಯುನಿಟ್ ಸೇರುವುದು ಒಟ್ಟು ಲೆಕ್ಕಕ್ಕೆ. ಟ್ರಾನ್ಸ್‌ಫರ್ ಆಗೋಕೆ 60 ಸೆಮಿಸ್ಟರ್ ಯುನಿಟ್ ಬೇಕಲ್ಲ, ಅಲ್ಲಿಗೆ. ಮೇಜರ್‌ಗೆ, ಅಂದರೆ ಆರಿಸಿಕೊಂಡ ಮುಖ್ಯ ವಿಷಯಕ್ಕೆ, ಬೇಕಾದ ಕೋರ್ಸ್ ಆಯಿತಾ ಅನ್ನೋದನ್ನ ಬೇರೆಯಾಗಿಯೇ ನೋಡುತ್ತಾರೆ. ಕಾಲೇಜಿನ ಪಟ್ಟಿ ಇದನ್ನ ಹೇಳುವುದೇ ಇಲ್ಲ.

ಅದನ್ನ ಹೇಳುವುದು ಅಸಿಸ್ಟ್ ಡಾಟ್ ಆರ್ಗ್ ಅನ್ನುವ ಸೈಟ್. ಇವತ್ತೇ ಮಗನ ಜೊತೆ ಕೂತು ತೆರೆಯಿರಿ. ಅವನ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಮೇಜರ್ ಮೂರನ್ನೂ ಆರಿಸಿ. ಎಡಗಡೆ ಯೂನಿವರ್ಸಿಟಿಯ ಕೋರ್ಸ್, ಬಲಗಡೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದು. ಕೆಲವು ಸಾಲಿನಲ್ಲಿ ಬಲಗಡೆ ಸಮನಾದ ಕೋರ್ಸ್ ಇಲ್ಲ ಅಂತ ಬಂದಿರುತ್ತದೆ. ಕ್ಯಾಂಪಸ್ ಬದಲಿಸಿ ನೋಡಿ, ಅದೇ ಮೇಜರ್‌ಗೆ ಪಟ್ಟಿಯೇ ಬೇರೆಯಾಗುತ್ತದೆ.

ದುಡ್ಡಿನ ನಷ್ಟ ದೊಡ್ಡದಲ್ಲ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಯುನಿಟ್‌ಗೆ 46 ಡಾಲರ್. ನಷ್ಟ ಆಗೋದು ಸಮಯ. ಸಾಮಾನ್ಯವಾಗಿ ಮೊದಲ ಕ್ಯಾಲ್ಕುಲಸ್ ಮುಗಿಸದೆ ಎಂಜಿನಿಯರಿಂಗ್‌ನವರ ಫಿಸಿಕ್ಸ್‌ಗೆ ಸೇರಿಸಿಕೊಳ್ಳಲ್ಲ. ಆಮೇಲೆ ಮೆಕ್ಯಾನಿಕ್ಸ್, ಅದಾದ ಮೇಲೆ ವಿದ್ಯುತ್ ಮತ್ತು ಕಾಂತತ್ವ, ಒಂದರ ಹಿಂದೆ ಒಂದು. ಎರಡನ್ನ ಒಟ್ಟಿಗೆ ಮಾಡೋಕೆ ಬರಲ್ಲ. ಒಂದು ಸೆಮಿಸ್ಟರ್ ತಪ್ಪಿತು ಅಂದ್ರೆ ಸರಪಳಿ ಪೂರ್ತಿ ಹಿಂದೆ ಬೀಳುತ್ತದೆ. ಹೆಚ್ಚಿನ ಯುಸಿ ಕ್ಯಾಂಪಸ್‌ಗಳು ಟ್ರಾನ್ಸ್‌ಫರ್‌ನವರನ್ನ ಫಾಲ್‌ಗೆ (ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶುರುವಾಗುವ ಅವಧಿ) ಮಾತ್ರ ತಗೊಳ್ಳುತ್ತವೆ. ಹಾಗಾಗಿ ಒಂದು ಸೆಮಿಸ್ಟರ್ ಹೋಗಿ ಒಂದು ವರ್ಷವೇ ಆಗುತ್ತದೆ.

ಪ್ರಶ್ನೆ (ಸ್ಯಾಕ್ರಮೆಂಟೊದಿಂದ ಒಬ್ಬರು):
ಮೇಡಂ, ಕಮ್ಯುನಿಟಿ ಕಾಲೇಜಿನಲ್ಲಿ ಟ್ರಾನ್ಸ್‌ಫರ್‌ಗೆ ಅಂತಲೇ ಇರುವ ಎಡಿಟಿ ಡಿಗ್ರಿ ಮಾಡಿದ್ರೆ ಸೀಟು ಗ್ಯಾರಂಟಿ ಅಂತಾರಲ್ಲ? ನಮ್ಮ ಮಗಳು ಸೈಕಾಲಜಿ.

ಉತ್ತರ:
ಸೈಕಾಲಜಿಗೆ ಒಳ್ಳೆ ದಾರಿ ಸರ್, ಮಾಡಿಸಿ. 2010ರ ಕಾನೂನಿನಿಂದ ಬಂದಿದ್ದು. 60 ಯುನಿಟ್‌ನ ಆ ಡಿಗ್ರಿ ಮುಗಿಸಿದರೆ ಸಿಎಸ್‌ಯುನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಎಲ್ಲೋ ಒಂದು ಕಡೆ ಸೀಟು ಖಂಡಿತ. ಸೇರಿದ ಮೇಲೆ ಅದೇ ವಿಷಯದಲ್ಲಿ ಇನ್ನು 60 ಯುನಿಟ್‌ಗೆ ಬಿಎ ಮುಗಿಯಬೇಕು. ‘ಎಲ್ಲೋ ಒಂದು ಕಡೆ’ ಅನ್ನೋದನ್ನ ಮರೆಯಬೇಡಿ. ಕೇಳಿದ ಕ್ಯಾಂಪಸ್ಸೇ ಸಿಗುತ್ತೆ ಅಂತ ಮಾತು ಕೊಟ್ಟಿಲ್ಲ.

ಯುಸಿಗೆ ಬೇರೆ ಗ್ಯಾರಂಟಿ ಇದೆ, ಟ್ಯಾಗ್ ಅಂತಾರೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ 6 ಕ್ಯಾಂಪಸ್‌ಗೆ ಮಾತ್ರ. ಅದರಲ್ಲಿ ಒಂದಕ್ಕೇ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಅರ್ಜಿ ಸೆಪ್ಟೆಂಬರ್ 30ರೊಳಗೆ ಹೋಗಬೇಕು. ಮಾಮೂಲಿ ಯುಸಿ ಅರ್ಜಿಗಿಂತ ಇದು ಮುಂಚೆ, ಅದಕ್ಕೇ ಎಷ್ಟೋ ಜನ ತಪ್ಪಿಸಿಕೊಳ್ಳುತ್ತಾರೆ.

ಪ್ರಶ್ನೆ (ಡಿಪ್ಲೊಮಾ ಉಪನ್ಯಾಸಕರು, ಬೆಳಗಾವಿ):
ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುತ್ತಾರೆ. ಗಣಿತ ಕಡಿಮೆ ಬಿದ್ದಿದ್ದರೆ ಮೊದಲ ವರ್ಷಕ್ಕೆ ಕಳಿಸುವುದಿಲ್ಲ. ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು 2018ರ ಸ್ಕೀಮಿನಲ್ಲಿ ಅವರಿಗೆ ಅಂತಲೇ ಹೆಚ್ಚುವರಿ ಗಣಿತ ಇಟ್ಟಿತ್ತು, ಮೂರು ಮತ್ತು ನಾಲ್ಕನೇ ಸೆಮಿಸ್ಟರ್ ಜೊತೆಗೇ ಓದಿಕೊಳ್ಳುತ್ತಿದ್ದರು. ನಿಮ್ಮಲ್ಲಿ ಹಾಗೆ ಯಾಕೆ ಮಾಡಬಾರದು?

ಉತ್ತರ:
ಸರ್, ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಮನಸ್ಸಿನಲ್ಲಿರುವುದೂ ಇದೇ.

ನಿಮ್ಮಲ್ಲಿ ಒಂದು ಪರೀಕ್ಷೆ, ಒಂದು ರ‍್ಯಾಂಕ್ ಪಟ್ಟಿ, ಬಹುತೇಕ ಒಂದೇ ಸಿಲೆಬಸ್. ಇಲ್ಲಿ 116 ಕಮ್ಯುನಿಟಿ ಕಾಲೇಜು. ಯುಸಿ ಒಂದು ವ್ಯವಸ್ಥೆ, ಸಿಎಸ್‌ಯು ಇನ್ನೊಂದು. ಒಂದೊಂದು ಕಾಲೇಜಿನ ಕೋರ್ಸ್ ಒಂದೊಂದು ಕ್ಯಾಂಪಸ್ಸಿಗೆ ಸಮ ಹೌದೋ ಅಲ್ಲವೋ ಅಂತ ಬೇರೆ ಬೇರೆಯಾಗಿ ಒಪ್ಪಂದ ಆಗಬೇಕು. 1960ರ ಮಾಸ್ಟರ್ ಪ್ಲಾನಿನಲ್ಲಿ, ಅಂದರೆ ರಾಜ್ಯದ ಉನ್ನತ ಶಿಕ್ಷಣದ ಯೋಜನೆಯಲ್ಲಿ, ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಮುಂದೆ ಯೂನಿವರ್ಸಿಟಿಗೆ ಹೋಗಿ ಅಂತ ಹೇಳಿದರು. ಆದರೆ ದಾಟಿಸುವ ಕೆಲಸ ಯಾರದು ಅನ್ನೋದು ಗಟ್ಟಿಯಾಗಲೇ ಇಲ್ಲ. 2024ರಲ್ಲಿ ರಾಜ್ಯದ ಆಡಿಟರ್ ವರದಿ ಬಂತು. ಟ್ರಾನ್ಸ್‌ಫರ್ ಆಗಬೇಕು ಅಂತ ಸೇರಿದ 5 ಜನರಲ್ಲಿ ಸುಮಾರು ಒಬ್ಬರು ಮಾತ್ರ 4 ವರ್ಷದೊಳಗೆ ಆಗಿದ್ದಾರೆ. ನನಗೆ ಇದು ಸಹಿಸೋಕೆ ಆಗದ ಸಂಖ್ಯೆ.

ಕೆಲಸ ಆಗುತ್ತಲೇ ಇಲ್ಲ ಅಂತಲ್ಲ. ಮೊದಲು ಯುಸಿಗೆ, ಸಿಎಸ್‌ಯುಗೆ ಸಾಮಾನ್ಯ ವಿಷಯಗಳ (ಮೇಜರ್ ಯಾವುದಾದರೂ ಎಲ್ಲರೂ ಓದಬೇಕಾದವು) ಪಟ್ಟಿ ಬೇರೆ ಬೇರೆ ಇತ್ತು. 2021ರ ಎಬಿ 928 ಕಾನೂನಿನಿಂದ, 2025ರ ಫಾಲ್‌ನಿಂದ ಸೇರಿದವರಿಗೆ ಎರಡಕ್ಕೂ ಒಂದೇ ಪಟ್ಟಿ ಬಂದಿದೆ, ಕ್ಯಾಲ್-ಗೆಟ್ಸಿ ಅಂತ. 2021ರದೇ ಇನ್ನೊಂದು ಕಾನೂನು ಎಬಿ 1111ರಿಂದ ಕೋರ್ಸ್ ನಂಬರ್‌ಗಳೂ ಒಂದಾಗುತ್ತಿವೆ. ಇಂಗ್ಲಿಷ್ ಸಿ1000 ಅಂದರೆ ಈಗ ಎಲ್ಲಾ ಕಮ್ಯುನಿಟಿ ಕಾಲೇಜಿನಲ್ಲೂ ಒಂದೇ ಕೋರ್ಸ್. ಫ್ಲಾರಿಡಾದಲ್ಲಿ ಇಂಥ ನಂಬರ್ ಪದ್ಧತಿ ದಶಕಗಳಿಂದ ಇದೆ.

ಆದರೆ ಮಕ್ಕಳು ಮುಗ್ಗರಿಸುವುದು ಇಂಗ್ಲಿಷ್‌ನಲ್ಲಿ ಅಲ್ಲ. ಫಿಸಿಕ್ಸ್, ಕ್ಯಾಲ್ಕುಲಸ್, ಪ್ರೋಗ್ರಾಮಿಂಗ್‌ನಂಥ ಮೇಜರ್ ಕೋರ್ಸ್‌ಗಳಲ್ಲಿ. ಒಂದು ಕ್ಯಾಂಪಸ್ ಕೇಳುವ ಪ್ರೋಗ್ರಾಮಿಂಗ್ ಭಾಷೆ ಒಂದು, ಪಕ್ಕದ ಕ್ಯಾಂಪಸ್ ಕೇಳುವುದು ಇನ್ನೊಂದು. ಎಲ್ಲಾ ಯುಸಿಗಳ ಎಂಜಿನಿಯರಿಂಗ್ ವಿಭಾಗದವರು ಕೂತು, ಮೊದಲ ಎರಡು ವರ್ಷಕ್ಕೆ ಈ ಕೋರ್ಸ್ ಸಾಕು ಅಂತ ಒಂದೇ ಪಟ್ಟಿ ಮಾಡಲಿ. ಒಂದೆರಡು ಬಾಕಿ ಉಳಿದವರನ್ನ ಒಳಗೆ ಸೇರಿಸಿಕೊಂಡು ಅಲ್ಲೇ ಕಲಿಸಲಿ. ನೀವು ಹೇಳಿದ ಹೆಚ್ಚುವರಿ ಗಣಿತದ ಥರ. ಅದೇನು ಆಗದ ಕೆಲಸವಲ್ಲ.

ಪ್ರಶ್ನೆ (ಮೊದಲು ಕೇಳಿದ ತಾಯಿ):
ಅದು ಬರುವಷ್ಟರಲ್ಲಿ ನಮ್ಮವನ ಓದು ಮುಗಿದಿರುತ್ತೆ ಮೇಡಂ. ಈಗ ಏನು ಮಾಡಲಿ?

ಉತ್ತರ:
ನಿಜ ಅಕ್ಕ. ಈಗಿನ ಮಾತು ಹೇಳುತ್ತೇನೆ.

ಕ್ಯಾಲ್ಕುಲಸ್ ಆಗಿದೆಯಾ ನೋಡಿ. ಆಗಿದ್ದರೆ ಬೇಸಿಗೆಯಲ್ಲೇ ಮೆಕ್ಯಾನಿಕ್ಸ್ ಸಿಗುತ್ತದಾ ಹುಡುಕಿ, ಪಕ್ಕದ ಕಾಲೇಜಿನಲ್ಲಾದರೂ ಸರಿ. ಆದರೆ ಹುಷಾರು: ಕೆಲವು ಒಪ್ಪಂದಗಳಲ್ಲಿ ಪೂರ್ತಿ ಸರಣಿ ಸೇರಿ ಒಂದು ಸಮ ಅಂತ ಇರುತ್ತದೆ. ಅರ್ಧ ಅಲ್ಲಿ ಅರ್ಧ ಇಲ್ಲಿ ಮಾಡಿದರೆ ತೊಂದರೆ. ಫೀಸ್ ಕಟ್ಟುವ ಮೊದಲು ಎರಡೂ ಕಾಲೇಜಿನ ಅಸಿಸ್ಟ್ ಪುಟ ನೋಡಿ, ಇವನ ಕೌನ್ಸಿಲರ್‌ಗೆ ಇಮೇಲ್ ಮಾಡಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ. ಎರಡೂ ಥರದ ಫಿಸಿಕ್ಸ್ ಮಾಡಿದರೆ ಯುಸಿ ಒಂದಕ್ಕೆ ಮಾತ್ರ ಯುನಿಟ್ ಕೊಡುತ್ತದೆ, ಇನ್ನೊಂದರ ಯುನಿಟ್ ಒಟ್ಟು ಲೆಕ್ಕದಿಂದ ಕಳೆದು ನೋಡಿ.

ಸಾಮಾನ್ಯ ವಿಷಯಗಳನ್ನ ಸ್ವಲ್ಪ ಪಕ್ಕಕ್ಕಿಡಿ. ಎಂಜಿನಿಯರಿಂಗ್‌ಗೆ ಮೊದಲು ನೋಡುವುದು ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ. ಉಳಿದದ್ದು ಅಲ್ಲಿಗೆ ಹೋದಮೇಲೂ ಮುಗಿಸಬಹುದು.

ಇನ್ನೊಂದು ಕೇಳಲೇಬೇಕು. ನೀವು ಎಚ್-1ಬಿ (ಉದ್ಯೋಗದ ವೀಸಾ), ಮಗ ಎಚ್-4 (ಅವಲಂಬಿತರ ವೀಸಾ) ಆಗಿದ್ದರೆ ಅವನಿಗೆ 21 ತುಂಬುವುದು ಯಾವಾಗ? ಆ ದಿನಕ್ಕೆ ಎಚ್-4 ಮುಗಿಯುತ್ತದೆ. ಒಂದು ವರ್ಷ ತಡವಾದರೆ ಅದು ಮಧ್ಯದಲ್ಲೇ ಬಂದುಬಿಡಬಹುದು. ಹಾಗೇನಾದರೂ ಇದ್ದರೆ ಇಲ್ಲಿ ಬರೆಯಬೇಡಿ, ನನಗೆ ನೇರವಾಗಿ ಮೆಸೇಜ್ ಮಾಡಿ. ಅವನ ಟ್ರಾನ್ಸ್‌ಕ್ರಿಪ್ಟ್ ಕೂಡ ಕಳಿಸಿ, ಮುಂದಿನ ಮೂರು ಸೆಮಿಸ್ಟರ್ ಕೂತು ಬರೆದುಕೊಡುತ್ತೇನೆ.