ಹುತ್ತರಿ ಗೆಣಸು ಬೇಯಿಸಿದರೆ ಸಿಮೆಂಟ್ ಬಣ್ಣ ಬಂತು, ಏನು ತಪ್ಪಾಯಿತು?

ಹೊಸಮನೆ:
ಮೈಸೂರಿನಿಂದ ಮಡಿಕೇರಿಗೆ ಬಂದು ಆರು ತಿಂಗಳಾಯಿತು. ಹೋದ ಶುಕ್ರವಾರ ಸಂತೆಯಲ್ಲಿ ಒಬ್ಬ ಅಜ್ಜಿ ಮಣ್ಣು ಮೆತ್ತಿದ ದಪ್ಪ ದಪ್ಪ ಗೆಡ್ಡೆ ರಾಶಿ ಹಾಕಿಕೊಂಡು ಕೂತಿದ್ದರು. ಒಂದನ್ನು ಕೊಯ್ದು ತೋರಿಸಿದರು ನೋಡಿ, ನೇರಳೆ ಹಣ್ಣು ತಿಂದ ನಾಲಿಗೆ ಇರುತ್ತಲ್ಲ, ಒಳಗೆಲ್ಲ ಅದೇ ಬಣ್ಣ! ಹುತ್ತರಿ ಗೆಣಸು ಅಂದರು. ಎರಡು ಕೆಜಿ ತಂದೆ. ಸಿಪ್ಪೆ ಹೆರೆಯುವಾಗ ಒಂದೇ ಲೋಳೆ, ಮೊಣಕೈವರೆಗೂ ತುರಿಕೆ. ಸಣ್ಣ ಹೋಳು ಮಾಡಿ, ಬೇಗ ಬೇಯಲಿ ಅಂತ ಚಿಟಿಕೆ ಸೋಡಾ ಹಾಕಿ ಕುದಿಸಿದರೆ ನೀರೆಲ್ಲ ನೀಲಿ, ಗೆಣಸು ಸಿಮೆಂಟ್ ಥರ. ಮಗಳು ಮುಟ್ಟಲೇ ಇಲ್ಲ. ಇನ್ನೂ ಒಂದು ಕೆಜಿ ಇದೆ, ಉಳಿಸಿಕೊಡಿ.

ತೋಟದ ದಾರಿ:
ಅಯ್ಯೋ, ಸೋಡಾ ಯಾಕೆ ಹಾಕಿದಿರಿ? ಆ ಬಣ್ಣ ಆಂಥೋಸಯಾನಿನ್. ಸೋಡಾ ತಾಗಿದರೆ ನೀಲಿಗೆ ತಿರುಗುತ್ತೆ, ಹುಳಿ ತಾಗಿದರೆ ಕೆಂಪಗಾಗುತ್ತೆ. ಹಸಿಯಾಗಿ ಹೆರೆಯಲೂ ಬೇಡಿ. ತೊಳೆದು, ಸಿಪ್ಪೆ ಸಮೇತ ದೊಡ್ಡ ತುಂಡು ಮಾಡಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಡಿ. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಆಮೇಲೆ ಸಿಪ್ಪೆ ತಾನಾಗಿ ಬಿಡುತ್ತೆ. ಬಿಸಿ ಇರುವಾಗಲೇ ತುಪ್ಪ, ಜೇನು. ನಮ್ಮ ಮನೆಯಲ್ಲಿ ಇದಕ್ಕೆ ಕಳಂಜಿ ಅಂತೀವಿ, ಹುತ್ತರಿ ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ, ಆ ದಿನ ಗದ್ದೆಯಿಂದ ಭತ್ತದ ಕದಿರು ತಂದ ಮೇಲೆ ತಂಬುಟ್ಟಿನ ಜೊತೆ ಇದು ಇರಲೇಬೇಕು. ಪಲ್ಯ ಮಾಡುವುದು ನನ್ನ ಪ್ರಕಾರ ಗೆಣಸಿಗೆ ಮಾಡುವ ಅನ್ಯಾಯ.

ವಿರಾಜಪೇಟೆ ಅಡುಗೆ:
ಅನ್ಯಾಯವೇನೂ ಇಲ್ಲ ಬಿಡಿ 😄 ಹಬೆಯಲ್ಲಿ ಬೆಂದಿದ್ದನ್ನೇ ಹೋಳು ಮಾಡಿ, ಸಾಸಿವೆ, ಕರಿಬೇವು, ಜಜ್ಜಿದ ಗಾಂಧಾರಿ ಮೆಣಸಿನ ಒಗ್ಗರಣೆಗೆ ಹಾಕಿ, ಕೊನೆಗೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ನಾಲ್ಕೇ ಹನಿ. ಹನಿ ಬಿದ್ದ ಕಡೆ ಕೆಂಪು ಕಲೆ ಹರಡುವುದನ್ನು ನೋಡುವುದೇ ಚಂದ. ಜಾಸ್ತಿ ಕೈಯಾಡಿಸಬೇಡಿ, ಮುದ್ದೆಯಾಗುತ್ತೆ. ತುರಿಕೆಗೆ ಮುಂಚೆಯೇ ಕೈಗೆ ಎಣ್ಣೆ ಸವರಿಕೊಳ್ಳಿ, ತುರಿಕೆ ಶುರುವಾದ ಮೇಲಾದರೆ ಹುಣಸೆ ನೀರು.

ತೋಟದ ದಾರಿ:
ಇನ್ನೊಂದು ಮಾತು. ಬಳ್ಳಿಗೆ ಅಂಟಿಕೊಂಡಿದ್ದ ತಲೆ ಭಾಗವನ್ನು ತಿನ್ನಬೇಡಿ, ಅದೇ ಬೀಜ. ಕೊಯ್ದ ಕಡೆ ಬೂದಿ ಹಚ್ಚಿ ನೆರಳಲ್ಲಿಟ್ಟು, ಏಪ್ರಿಲ್-ಮೇಯಲ್ಲಿ ಒಂದು ಮಳೆ ಬಿದ್ದ ಮೇಲೆ ಹಾಲುವಾಣ ಮರದ ಬುಡದಲ್ಲಿ ನೆಡಿ. ಬಳ್ಳಿ ಚೌಕ, ಮೂಲೆಗಳಲ್ಲಿ ರೆಕ್ಕೆ ಥರ ಅಂಚು ಇರುತ್ತೆ. ಎಲೆ ಹಳದಿಯಾಗಿ ಒಣಗಿದಾಗ ಅಗೆಯಿರಿ. ಹೋದ ವರ್ಷ ನಾನು ಎರಡು ದಿನ ತಡ ಮಾಡಿದೆ ಅಷ್ಟೆ, ಕಾಡುಹಂದಿ ಮುಗಿಸಿಬಿಟ್ಟಿತ್ತು. ಗುರುತಿಲ್ಲದ ಕಾಡುಗೆಣಸು ಮಾತ್ರ ಕಿತ್ತು ತರಬೇಡಿ, ಕೆಲವು ವಿಷ.

ಹೊಸಮನೆ:
ಹಬೆಯಲ್ಲಿ ಬೇಯಿಸಿದೆ, ಬಣ್ಣ ಹಾಗೇ ಉಳಿಯಿತು! ಮಗಳು ಜೇನು ಹಾಕಿಕೊಂಡು ಮೂರು ತುಂಡು ತಿಂದು, ಕನ್ನಡಿ ಮುಂದೆ ನಿಂತು ನಾಲಿಗೆ ನೋಡಿಕೊಂಡಳು. ತಲೆ ಭಾಗ ಹುಡುಕಿದೆ, ಸೋಡಾ ಪಾತ್ರೆಗೆ ಹೋಗಿದ್ದು ಅದೇ ಅಂತ ಕಾಣುತ್ತೆ. ಶುಕ್ರವಾರ ಮತ್ತೆ ಅಜ್ಜಿ ಹತ್ತಿರ ಹೋಗಬೇಕು.